ಮೋಡದ ಲೆಕ್ಕ

ಗ್ರಹಣದ ಗಳಿಗೆಯನ್ನು ದಶಕಗಳ ಮೊದಲೇ ಹೇಳುವ ಗಣಿತ, ಬರುವ ಶುಕ್ರವಾರದ ಮಳೆಗೆ ‘ಶೇಕಡ 60’ ಎಂದಷ್ಟೇ ಹೇಳುತ್ತದೆ. ಅದು ಗಣಿತದ ಸೋಲಲ್ಲ. ಕೊಡಗಿನ ಮೋಡಗಳನ್ನು ನಂಬಿ ಬದುಕುವ ಮೈಸೂರು ಆ ಶೇಕಡವನ್ನು ಓದಲು ಕಲಿಯಬೇಕಾದ ಕಾಲವಿದು.

2019ರ ಡಿಸೆಂಬರ್ 26ರ ಬೆಳಗ್ಗೆ ದಕ್ಷಿಣ ಕೊಡಗಿನ ಕುಟ್ಟದಲ್ಲಿ ಕಂಕಣ ಸೂರ್ಯಗ್ರಹಣ ಕಾಣಿಸಿತು. ಕರಾವಳಿಯ ಕಡೆಯಿಂದ ಬಂದ ಚಂದ್ರನ ನೆರಳು ಕೊಡಗಿನ ಅಂಚನ್ನು ದಾಟಿ ತಮಿಳುನಾಡಿನತ್ತ ಹೋಯಿತು. ಮೈಸೂರಿನಲ್ಲಿ ಗ್ರಹಣ ಪಾರ್ಶ್ವವಾಗಿಯೇ ಉಳಿಯಿತು. ನೆರಳು ಯಾವ ಊರಿನ ಮೇಲೆ ಹಾಯುತ್ತದೆ, ಎಷ್ಟು ಹೊತ್ತಿಗೆ ಹಾಯುತ್ತದೆ ಎಂಬುದೆಲ್ಲ ದಶಕಗಳ ಹಿಂದೆಯೇ ಲೆಕ್ಕವಾಗಿತ್ತು. ಖಗೋಳ ವಿಜ್ಞಾನಿಗಳಿಗೂ ಗೊತ್ತಿತ್ತು, ನಮ್ಮ ಒಂಟಿಕೊಪ್ಪಲ್ ಪಂಚಾಂಗದಂಥ ಪಂಚಾಂಗಗಳನ್ನು ಗಣಿಸುವವರಿಗೂ ಗೊತ್ತಿತ್ತು. ವಾರದ ಮೊದಲು ಯಾರಿಗೂ ಖಚಿತವಾಗಿ ಹೇಳಲಾಗದಿದ್ದ ಸಂಗತಿ ಒಂದೇ: ಆ ಬೆಳಗ್ಗೆ ಕುಟ್ಟದ ಮೇಲೆ ಮೋಡ ಕವಿದಿರುತ್ತದೆಯೇ?

ಚಂದ್ರ ಇರುವುದು ಸುಮಾರು 3,84,000 ಕಿಲೊಮೀಟರ್ ದೂರದಲ್ಲಿ. ಮೋಡ ಇರುವುದು ತಲೆಯ ಮೇಲೆ ನಾಲ್ಕಾರು ಕಿಲೊಮೀಟರ್ ಎತ್ತರದಲ್ಲಿ. ದೂರದ್ದು ಲೆಕ್ಕಕ್ಕೆ ಸಿಕ್ಕಿತು, ಹತ್ತಿರದ್ದು ಸಿಗಲಿಲ್ಲ. ಎರಡನ್ನೂ ಆಳುವುದು ನ್ಯೂಟನ್ನನ ಅದೇ ಚಲನೆಯ ನಿಯಮ. ಗ್ರಹಣದ ಲೆಕ್ಕದಲ್ಲಿ ಮುಖ್ಯವಾಗಿ ಬರುವವು ಸೂರ್ಯ, ಚಂದ್ರ, ಭೂಮಿ ಮೂರೇ ಕಾಯಗಳು; ಸಣ್ಣ ತಪ್ಪು ನೂರು ವರ್ಷ ಕಳೆದರೂ ಸಣ್ಣದಾಗಿಯೇ ಉಳಿಯುತ್ತದೆ. ವಾತಾವರಣದಲ್ಲಾದರೆ ಗಾಳಿಯ ಪ್ರತಿ ತುಣುಕೂ ಪಕ್ಕದ ತುಣುಕನ್ನು ತಳ್ಳುತ್ತದೆ, ಕಾಯಿಸುತ್ತದೆ, ಒದ್ದೆ ಮಾಡುತ್ತದೆ. ಇಂದಿನ ಸಣ್ಣ ತಪ್ಪು ನಾಲ್ಕು ದಿನದಲ್ಲಿ ದೊಡ್ಡದಾಗುತ್ತದೆ. ಹವಾಮಾನದ ಗಣಿತ ಬೆಳೆದದ್ದೇ ಈ ಕಷ್ಟದೊಡನೆ ಸೆಣಸುತ್ತಾ.

ಹದಿಮೂರೂವರೆ ದಿನದ ಮಳೆ

ಮೈಸೂರು ಸೀಮೆಯ ರೈತರಿಗೆ ಮಳೆಯ ಗಣಿತ ಹೊಸದಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳಿಗೆ ಹೆಸರಿಟ್ಟು ಎಣಿಸುವ ಪದ್ಧತಿಯ ಹಿಂದೆ ಅಚ್ಚುಕಟ್ಟಾದ ಭಾಗಾಕಾರವಿದೆ. ಸೂರ್ಯ ನಕ್ಷತ್ರ ಚಕ್ರವನ್ನು ಒಂದು ಸುತ್ತು ಬರಲು ಸುಮಾರು 365 ದಿನ ಬೇಕು. ನಕ್ಷತ್ರಗಳು 27. ಒಂದೊಂದರ ಪಾಲಿಗೆ ಬರುವುದು ಸುಮಾರು ಹದಿಮೂರೂವರೆ ದಿನ. ಈಗಿನ ಲೆಕ್ಕದಲ್ಲಿ ರೋಹಿಣಿ ಮಳೆ ಹುಟ್ಟುವುದು ಮೇ ಕೊನೆಯ ವಾರದಲ್ಲಿ, ಆರಿದ್ರಾ ಜೂನ್ ಮೂರನೇ ವಾರದ ಹೊತ್ತಿಗೆ, ಸ್ವಾತಿ ಅಕ್ಟೋಬರ್ ಕೊನೆಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ನಾಟಿ ಮಾಡುವವರು ಮೇ ತಿಂಗಳ ಮಳೆಯನ್ನು ಕಾಯುತ್ತಾರೆ. ರಾಗಿ ಬಿತ್ತುವವರು ಹದ ಮಳೆ ಯಾವ ನಕ್ಷತ್ರಕ್ಕೆ ಬಿತ್ತು ಎಂಬುದನ್ನು ಇವತ್ತಿಗೂ ನೆನಪಿನಲ್ಲಿಟ್ಟಿರುತ್ತಾರೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ, ದಿನದಿನದ ಮುನ್ಸೂಚನೆ ಎಂದುಕೊಳ್ಳುವುದೂ ಸರಿಯಲ್ಲ. ಯಾವ ಹದಿನೈದು ದಿನದಲ್ಲಿ ಸಾಮಾನ್ಯವಾಗಿ ಎಂಥ ಮಳೆ ಎಂದು ತಲೆಮಾರುಗಳ ಅನುಭವ ಕೊಟ್ಟ ಸರಾಸರಿಯದು. ಈ ವರ್ಷದ ಆರಿದ್ರಾ ಮಳೆ ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ನಕ್ಷತ್ರಗಳನ್ನು ಆಧರಿಸಿದ ಈ ಪಂಚಾಂಗ, ಋತುಗಳಿಗೆ ಹೋಲಿಸಿದರೆ, ಸುಮಾರು 71 ವರ್ಷಕ್ಕೊಂದು ದಿನ ಮುಂದಕ್ಕೆ ಜಾರುತ್ತದೆ. ಹತ್ತು ಶತಮಾನಗಳ ಹಿಂದೆ ರೋಹಿಣಿ ಮಳೆ ಹುಟ್ಟುತ್ತಿದ್ದದ್ದು, ಋತುಮಾನದ ಲೆಕ್ಕದಲ್ಲಿ, ಇಂದಿಗಿಂತ ಹದಿನಾಲ್ಕು ದಿನ ಮೊದಲು. ಗಾದೆಗಳು ಹುಟ್ಟಿದ ಕಾಲದ ರೋಹಿಣಿಯೂ ಇಂದಿನ ರೋಹಿಣಿಯೂ ಋತುವಿನ ಒಂದೇ ಹೊತ್ತಿನವಲ್ಲ. ಅನುಭವದ ಸರಾಸರಿಯನ್ನು ಆಗಾಗ ಅಳತೆಯಿಂದ ತಿದ್ದಿಕೊಳ್ಳಬೇಕಾಗುತ್ತದೆ.

ಆ ಅಳತೆಯ ಕೆಲಸವನ್ನು ಮೈಸೂರು ಸಂಸ್ಥಾನ ಬೇಗನೆ ಶುರುಮಾಡಿತು. 1876ರಿಂದ 78ರವರೆಗಿನ ಧಾತು–ಈಶ್ವರ ಬರದಲ್ಲಿ ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತ್ತು. ಮಳೆಯ ದಾಖಲೆ ಎಂದರೆ ಜೀವಗಳ ಲೆಕ್ಕ ಎಂಬುದನ್ನು ಆ ಬರ ಕಲಿಸಿತ್ತು. 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳು ಕೆಲಸ ಮಾಡುತ್ತಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವುಗಳ ವರದಿಗಳನ್ನು ಪ್ರಕಟಿಸುತ್ತಿದ್ದರು.

ಮಳೆಮಾಪಕ ಸರಳ ಉಪಕರಣ. ಬಯಲಿನಲ್ಲಿ ನೆಟ್ಟ ಪಾತ್ರೆ, ಮೇಲೆ ಆಲಿಕೆ, ಒಳಗೆ ನೀರು ಹಿಡಿಯುವ ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಅಳತೆ ಲೋಟ. ಬೆಳಗ್ಗೆ ಎಂಟೂವರೆಗೆ ಸರಿಯಾಗಿ ನೀರನ್ನು ಲೋಟಕ್ಕೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಆ ಸಂಖ್ಯೆ ಹಿಂದಿನ 24 ಗಂಟೆಯ ಮಳೆ. ಹೀಗಾಗಿ ಸೋಮವಾರ ಸಂಜೆ ಸುರಿದದ್ದು ದಾಖಲಾಗುವುದು ಮಂಗಳವಾರದ ಲೆಕ್ಕಕ್ಕೆ. ಎರಡೂವರೆ ಮಿಲಿಮೀಟರ್ ಮುಟ್ಟಿದರೆ ಮಾತ್ರ ಅದು ‘ಮಳೆ ದಿನ’. ಹೀಗೆ ದಿನವೂ ಬರೆದಿಟ್ಟ ಸಂಖ್ಯೆಗಳೇ ಮೈಸೂರಿನ ಮಳೆಯ ಬಗ್ಗೆ ನಮಗಿರುವ ಗಟ್ಟಿ ತಿಳಿವಳಿಕೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಮೇ ಮತ್ತು ಅಕ್ಟೋಬರ್‌ನಲ್ಲಿ ಎರಡು ಶಿಖರ. ಮಧ್ಯದ ಮುಂಗಾರಿನಲ್ಲಿ ಮೋಡ ಹೆಚ್ಚು, ಮಳೆ ಕಡಿಮೆ.

ಕನ್ನಂಬಾಡಿಯ ಕೂಡು–ಕಳೆ

ಮೈಸೂರಿನ ನೀರು ಮೈಸೂರಿನ ಮಳೆಯಿಂದ ಬರುವುದಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗಿ ಕೊಡಗಿನಲ್ಲೇ ಸುರಿದುಬಿಡುತ್ತದೆ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ನೂರಿಪ್ಪತ್ತು ಕಿಲೊಮೀಟರ್ ಈಚೆಗಿನ ಮೈಸೂರಿಗೆ ಅದರ ಕಾಲುಭಾಗದ ಆಸುಪಾಸು. ನಗರದಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಕೃಷ್ಣರಾಜಸಾಗರ ತುಂಬುವುದು ಇದರಿಂದಲೇ.

ಈ ಕನ್ನಂಬಾಡಿ ಕಟ್ಟೆಯ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು. ಕೃಷ್ಣರಾಜಸಾಗರದ ಜಲಾನಯನ ಪ್ರದೇಶ 10,619 ಚದರ ಕಿಲೊಮೀಟರ್. ಒಂದು ಚದರ ಕಿಲೊಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಇಡೀ ಪ್ರದೇಶದ ಮೇಲೆ ಒಂದು ಮಿಲಿಮೀಟರ್ ಎಂದರೆ ಸುಮಾರು 1,062 ಕೋಟಿ ಲೀಟರ್, ಅಂದರೆ 0.375 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಜಲಾಶಯದ ಸಾಮರ್ಥ್ಯ 49.45 ಟಿಎಂಸಿ. ಭಾಗಿಸಿದರೆ ಸಿಗುವುದು 132. ಜಲಾನಯನದ ಎಲ್ಲೆಡೆಯಿಂದ ಸರಾಸರಿ 132 ಮಿಲಿಮೀಟರ್ ಮಳೆಯಷ್ಟು ನೀರು ಹರಿದು ಬಂದರೆ ಖಾಲಿ ಕಟ್ಟೆ 124.80 ಅಡಿಗೆ ತುಂಬುತ್ತದೆ. ಬಿದ್ದದ್ದೆಲ್ಲ ಹರಿದು ಬರುವುದಿಲ್ಲ. ಮಣ್ಣು ಕುಡಿಯುತ್ತದೆ, ಮರ ಕುಡಿಯುತ್ತದೆ, ಮೇಲಿನ ಹಾರಂಗಿ, ಹೇಮಾವತಿ ಜಲಾಶಯಗಳು ಹಿಡಿದಿಡುತ್ತವೆ. ಒಣಗಿದ ನೆಲದ ಮೇಲೆ ಬಿದ್ದ ಮೊದಲ ಮಳೆಗೂ ನೆನೆದ ನೆಲದ ಮೇಲೆ ಬಿದ್ದ ಜುಲೈ ಮಳೆಗೂ ಒಳಹರಿವಿನಲ್ಲಿ ಭಾರೀ ವ್ಯತ್ಯಾಸ. ಪತ್ರಿಕೆಯಲ್ಲಿ ದಿನವೂ ಬರುವ ಕ್ಯುಸೆಕ್ (ಸೆಕೆಂಡಿಗೊಂದು ಘನ ಅಡಿ) ಅಂಕಿಯನ್ನು ಓದಲು ಒಂದು ಕೀಲಿ ಸಾಕು: ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ.

2023ರಲ್ಲಿ, ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷದ ಮುಂಗಾರು ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿ, ಬಾಗಿನವೂ ಆಯಿತು. ನಾಳೆಯ ಒಳಹರಿವು ಎಷ್ಟೆಂದು ಒಂದು ದಿನ ಮೊದಲು ಗೊತ್ತಾದರೆ ಗೇಟು ಎತ್ತುವವರಿಗೂ ಅನುಕೂಲ, ಕೆಳಗೆ ಶ್ರೀರಂಗಪಟ್ಟಣದ ದಡದಲ್ಲಿರುವವರಿಗೂ ಅನುಕೂಲ. ಮೂರು ದಿನ ಮೊದಲು ಗೊತ್ತಾದರೆ ಇನ್ನೂ ಒಳ್ಳೆಯದು. ಹಾಗೆ ಮೊದಲೇ ತಿಳಿಯುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿ ಹೊರಟವರ ಕತೆ ಶತಮಾನಕ್ಕಿಂತ ಹಿಂದಿನದು.

ಗಾಳಿಯನ್ನು ಚೌಕ ಮಾಡಿದವರು

1904ರಲ್ಲಿ ನಾರ್ವೆಯ ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ಒಂದು ಧೈರ್ಯದ ಮಾತು ಬರೆದರು: ಇಂದಿನ ವಾತಾವರಣದ ಸ್ಥಿತಿ ಸಾಕಷ್ಟು ನಿಖರವಾಗಿ ಗೊತ್ತಿದ್ದು, ಅದನ್ನು ಬದಲಿಸುವ ನಿಯಮಗಳೂ ಗೊತ್ತಿದ್ದರೆ, ನಾಳೆಯ ಸ್ಥಿತಿಯನ್ನು ಲೆಕ್ಕ ಹಾಕಿ ಪಡೆಯಬಹುದು. ನಿಯಮಗಳೇನೋ ಗೊತ್ತಿದ್ದವು. ಬಲ ಇದ್ದಲ್ಲಿ ವೇಗ ಬದಲಾಗುತ್ತದೆ. ಗಾಳಿ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಶಾಖ ಎಲ್ಲಿಂದ ಬಂತೋ ಅಲ್ಲಿ ಲೆಕ್ಕ ಕೊಡಬೇಕು. ಒತ್ತಡ, ಸಾಂದ್ರತೆ, ಉಷ್ಣಾಂಶ ಒಂದಕ್ಕೊಂದು ಕಟ್ಟುಬಿದ್ದಿವೆ. ಆವಿಯಾದ ನೀರು ಎಲ್ಲಾದರೂ ಮಳೆಯಾಗಲೇಬೇಕು. ಗಾಳಿಯ ಮೂರು ದಿಕ್ಕಿನ ವೇಗ, ಒತ್ತಡ, ಸಾಂದ್ರತೆ, ಉಷ್ಣಾಂಶ, ತೇವಾಂಶ ಹೀಗೆ ಏಳು ಅಪರಿಚಿತಗಳು, ಏಳು ಸಮೀಕರಣಗಳು.

ಈ ಸಮೀಕರಣಗಳನ್ನು ಬಿಡಿಸಿ ಸೂತ್ರರೂಪದ ಉತ್ತರ ಪಡೆಯಲು ಆಗುವುದಿಲ್ಲ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಬೇರೆ ದಾರಿ ಹಿಡಿದರು. ವಾತಾವರಣವನ್ನು ಚೌಕ ಚೌಕವಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ ಕೂಡು–ಕಳೆ ಲೆಕ್ಕದಿಂದಲೇ ಮುಂದಿನ ಸ್ಥಿತಿಯನ್ನು ಕಂಡುಹಿಡಿಯುವುದು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಸೇವೆ ಮಾಡುತ್ತಲೇ ಅವರು 1910ರ ಮೇ 20ರ ಆರು ಗಂಟೆಗಳ ಹವಾಮಾನವನ್ನು ಕೈಯಲ್ಲೇ ಲೆಕ್ಕ ಹಾಕಿದರು. ಬಂದ ಉತ್ತರ, ಆರು ಗಂಟೆಯಲ್ಲಿ ಒತ್ತಡದಲ್ಲಿ 145 ಹೆಕ್ಟೊಪ್ಯಾಸ್ಕಲ್ ಏರಿಕೆ. ವಾಸ್ತವದಲ್ಲಿ ಒತ್ತಡ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ವಿಧಾನ ಸರಿಯಿತ್ತು, ಆರಂಭದಲ್ಲಿ ಕೊಟ್ಟ ಗಾಳಿಯ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. 1922ರಲ್ಲಿ ಆ ಸೋಲನ್ನು ಮುಚ್ಚಿಡದೆ ಪುಸ್ತಕವಾಗಿ ಪ್ರಕಟಿಸಿದರು. 1950ರಲ್ಲಿ ಜೂಲ್ ಚಾರ್ನಿ, ಜಾನ್ ಫಾನ್ ನಾಯ್ಮನ್ ಮತ್ತವರ ಸಂಗಡಿಗರು ಎನಿಯಾಕ್ ಗಣಕಯಂತ್ರದಲ್ಲಿ 24 ಗಂಟೆಯ ಮುನ್ಸೂಚನೆ ತೆಗೆದರು. ಲೆಕ್ಕ ಮುಗಿಯಲು ಹಿಡಿದದ್ದೂ ಸುಮಾರು 24 ಗಂಟೆ. ಹವಾಮಾನದ ಓಟಕ್ಕೆ ಗಣಿತ ಸರಿಗಟ್ಟಿತ್ತು.

ಇಂದಿನ ಮಾದರಿಗಳೂ ಅದೇ ದಾರಿಯವು. ಭೂಮಿಯ ಮೇಲೆ ರಂಗೋಲಿಯ ಚುಕ್ಕಿಗಳಂತೆ ಬಿಂದುಗಳನ್ನಿಟ್ಟು, ಪ್ರತಿ ಚುಕ್ಕಿಯಲ್ಲೂ ಏಳು ಸಂಖ್ಯೆಗಳನ್ನು ಮುಂದಕ್ಕೆ ನಡೆಸುವುದು. ಚುಕ್ಕಿಗಳ ನಡುವೆ ಇರುವುದು ಮಾದರಿಗೆ ಕಾಣುವುದಿಲ್ಲ. ಕೆಲವು ವರ್ಷ ನಮ್ಮ ಹವಾಮಾನ ಇಲಾಖೆಯ ಜಾಗತಿಕ ಮಾದರಿಯ ಚುಕ್ಕಿಗಳ ಅಂತರ 12 ಕಿಲೊಮೀಟರ್ ಇತ್ತು. ಆ ಅಂತರದಲ್ಲಿ ಬಹುಪಾಲು ಮೈಸೂರು ನಗರ ಒಂದೆರಡು ಚೌಕದೊಳಗೆ ಅಡಗುತ್ತದೆ. ವಿಜಯನಗರಕ್ಕೂ ಸಿದ್ಧಾರ್ಥನಗರಕ್ಕೂ ಭೇದವಿಲ್ಲ. ಸುತ್ತಲಿನ ನೆಲಕ್ಕಿಂತ ಸುಮಾರು 300 ಮೀಟರ್ ಎತ್ತರವಿರುವ ಚಾಮುಂಡಿ ಬೆಟ್ಟ ಚೌಕದ ಸರಾಸರಿಯಲ್ಲಿ ಕರಗಿ, ಮಾದರಿಯ ಪಾಲಿಗೆ ಬೆಟ್ಟವೇ ಇಲ್ಲದಂತಾಗುತ್ತದೆ. ಮೇ ತಿಂಗಳ ಸಂಜೆ ಸಿಡಿಲು ಸಹಿತ ಸುರಿಯುವ ಮೋಡದ ಅಗಲ ಅನೇಕ ಸಲ ಐದಾರು ಕಿಲೊಮೀಟರ್ ಮಾತ್ರ. ಅದನ್ನು ಮಾದರಿ ಕಾಣಲಾರದು. ‘ಈ ಚೌಕದಲ್ಲಿ ಇಷ್ಟು ತೇವ, ಇಷ್ಟು ಶಾಖ ಇದ್ದರೆ ಸರಾಸರಿ ಇಷ್ಟು ಮಳೆ’ ಎಂಬ ಅಂದಾಜಿನ ಸೂತ್ರ ಹಾಕಿಕೊಳ್ಳುತ್ತದೆ. ಕುವೆಂಪುನಗರದಲ್ಲಿ ರಸ್ತೆ ತುಂಬ ನೀರು, ಬನ್ನಿಮಂಟಪದಲ್ಲಿ ಒಂದು ಹನಿಯೂ ಇಲ್ಲ ಎಂಬಂಥ ಸಂಜೆಗಳಲ್ಲಿ ಮುನ್ಸೂಚನೆ ತಡವರಿಸುವುದು ಇಲ್ಲೇ.

ಚುಕ್ಕಿಗಳನ್ನು ಹತ್ತಿರ ತಂದರಾಯಿತಲ್ಲ ಎಂದರೆ ಅದಕ್ಕೊಂದು ಬೆಲೆಯಿದೆ. ಅಂತರವನ್ನು ಅರ್ಧ ಮಾಡಿದರೆ ಉದ್ದಕ್ಕೂ ಅಗಲಕ್ಕೂ ಚುಕ್ಕಿಗಳು ಇಮ್ಮಡಿ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಸರಳ ವಿಧಾನದಲ್ಲಿ, ಗಾಳಿ ಒಂದು ಚೌಕವನ್ನು ದಾಟಿಹೋಗುವ ಮೊದಲೇ ಮುಂದಿನ ಲೆಕ್ಕ ಆಗಿರಬೇಕು. ಮೇಲಿನ ವಾಯುಮಂಡಲದಲ್ಲಿ ಸೆಕೆಂಡಿಗೆ 50 ಮೀಟರ್ ವೇಗದ ಗಾಳಿ 12 ಕಿಲೊಮೀಟರ್ ದಾಟಲು ನಾಲ್ಕೇ ನಿಮಿಷ ಸಾಕು. ಎರಡು, ಎರಡು, ಎರಡರ ಗುಣಾಕಾರ ಎಂಟು: ಅಂತರ ಅರ್ಧವಾದರೆ ಕೆಲಸ ಎಂಟು ಪಟ್ಟು. 2025ರ ಮೇ ತಿಂಗಳಲ್ಲಿ ಭಾರತ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿಲೊಮೀಟರ್ ಅಂತರದ್ದು. ಪುಣೆಯ ‘ಅರ್ಕ’, ನೊಯ್ಡಾದ ‘ಅರುಣಿಕಾ’ ಸೂಪರ್‌ಕಂಪ್ಯೂಟರುಗಳು ಬಂದದ್ದು ಈ ಹಸಿವನ್ನು ನೀಗಿಸಲಿಕ್ಕೆ.

ರಿಚರ್ಡ್‌ಸನ್ನರನ್ನು ಸೋಲಿಸಿದ ಆರಂಭದ ಅಂಕಿಗಳ ಕಷ್ಟಕ್ಕೂ ಗಣಿತವೇ ಪರಿಹಾರ ಕೊಟ್ಟಿತು. ಮೈಸೂರಿನ ಉಷ್ಣಾಂಶ ಈಗ 28 ಡಿಗ್ರಿ ಎಂದು ಮಾದರಿ ಹೇಳುತ್ತದೆ, ಅದರ ಸಾಮಾನ್ಯ ತಪ್ಪು 2 ಡಿಗ್ರಿ ಎಂದುಕೊಳ್ಳಿ. ಉಷ್ಣತಾಮಾಪಕ 30 ತೋರಿಸುತ್ತದೆ, ಅದರ ತಪ್ಪು 1 ಡಿಗ್ರಿ. ಯಾರನ್ನು ನಂಬುವುದು? ಇಬ್ಬರನ್ನೂ, ಆದರೆ ತಪ್ಪಿನ ವರ್ಗಕ್ಕೆ ವಿಲೋಮವಾಗಿ: ಮಾದರಿಗೆ ಒಂದು ಪಾಲು, ಮಾಪಕಕ್ಕೆ ನಾಲ್ಕು ಪಾಲು. ಉತ್ತರ 29.6. ಕಳೆದುಹೋಗಿದ್ದ ಸಿರೀಸ್ ಎಂಬ ಕಿರುಗ್ರಹವನ್ನು 1801ರಲ್ಲಿ ಮತ್ತೆ ಹುಡುಕಿಕೊಟ್ಟ ಗೌಸ್, ತಪ್ಪು ಬೆರೆತ ಅಳತೆಗಳಿಂದ ನಿಜವನ್ನು ಸೋಸುವ ವಿಧಾನಕ್ಕೆ ಅಡಿಪಾಯ ಹಾಕಿದ್ದರು. ಇಂದು ಉಪಗ್ರಹ, ವಿಮಾನ, ಹಡಗು, ಬಲೂನುಗಳಿಂದ ದಿನವೂ ಬರುವ ಕೋಟ್ಯಂತರ ಅಳತೆಗಳನ್ನು ಅದೇ ಬಗೆಯ ಗಣಿತ ಸೋಸುತ್ತದೆ.

ಹತ್ತು ಹೆಜ್ಜೆಯಲ್ಲಿ ಕೈತಪ್ಪುವ ಲೆಕ್ಕ

ಇಷ್ಟೆಲ್ಲ ಆದ ಮೇಲೂ ಹದಿನೈದು ದಿನದಾಚೆಯ ಮಳೆಯನ್ನು ದಿನಾಂಕ ಸಹಿತ ಹೇಳಲಾಗದು. ಕಾರಣ ತಿಳಿಯಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. 0.3 ಎಂಬ ಸಂಖ್ಯೆ ತೆಗೆದುಕೊಳ್ಳಿ. ಅದನ್ನು 1ರಿಂದ ಕಳೆಯಿರಿ: 0.7. ಎರಡನ್ನೂ ಗುಣಿಸಿ, ಮತ್ತೆ 4ರಿಂದ ಗುಣಿಸಿ: 0.84. ಬಂದ ಉತ್ತರಕ್ಕೆ ಇದೇ ನಿಯಮವನ್ನು ಮತ್ತೆ ಮತ್ತೆ ಹಚ್ಚಿ. ಪಕ್ಕದಲ್ಲಿ 0.301ರಿಂದ ಇನ್ನೊಂದು ಸಾಲು ಶುರುಮಾಡಿ. ವ್ಯತ್ಯಾಸ ಸಾವಿರದಲ್ಲಿ ಒಂದು ಭಾಗ. ಮೊದಲ ಹೆಜ್ಜೆಯಲ್ಲಿ 0.840 ಮತ್ತು 0.842, ಮೂರನೆಯದರಲ್ಲಿ 0.994 ಮತ್ತು 0.996. ಜೊತೆಜೊತೆಗೇ ನಡೆಯುತ್ತಿವೆ ಎನ್ನಿಸುತ್ತದೆ. ಎಂಟನೆಯದರಲ್ಲಿ ಒಂದು 0.448, ಇನ್ನೊಂದು 0.719. ಹತ್ತನೆಯದರಲ್ಲಿ ಒಂದು 0.043, ಇನ್ನೊಂದು 0.620. ನಿಯಮದಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ, ಗುಣಾಕಾರದಲ್ಲಿ ತಪ್ಪಿಲ್ಲ. ಆದರೂ ಹತ್ತನೆಯ ಹೆಜ್ಜೆಗೆ ಎರಡಕ್ಕೂ ಸಂಬಂಧವೇ ಉಳಿದಿಲ್ಲ.

1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಕಂಡದ್ದು ಇದನ್ನೇ. ಗಣಕಯಂತ್ರದಲ್ಲಿ ತಮ್ಮ ಪುಟ್ಟ ಹವಾಮಾನ ಮಾದರಿಯನ್ನು ಮತ್ತೊಮ್ಮೆ ಓಡಿಸುವಾಗ 0.506127 ಎಂಬ ಸಂಖ್ಯೆಗೆ ಬದಲು 0.506 ಎಂದು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಎರಡು ಹವಾಮಾನಗಳೂ ಬೇರೆ ಬೇರೆ ದಾರಿ ಹಿಡಿದವು. 1963ರ ಅವರ ಪ್ರಬಂಧ ಹವಾಮಾನ ವಿಜ್ಞಾನಕ್ಕೆ ವಿನಯ ಕಲಿಸಿತು: ವಾತಾವರಣದ ಇಂದಿನ ಸ್ಥಿತಿ ಪೂರ್ತಿ ನಿಖರವಾಗಿ ಎಂದೂ ಗೊತ್ತಾಗದು, ಆದ್ದರಿಂದ ದೂರದ ನಾಳೆ ಒಂದೇ ಉತ್ತರವಾಗಿ ಎಂದೂ ಸಿಗದು.

ಆದರೆ ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಒಂದೇ ಮುನ್ಸೂಚನೆ ತೆಗೆಯುವ ಬದಲು, ಆರಂಭದ ಅಂಕಿಗಳನ್ನು ಅಳತೆಯ ತಪ್ಪಿನ ಮಿತಿಯೊಳಗೆ ತುಸು ತುಸು ಬದಲಿಸಿ ಹಲವು ಮುನ್ಸೂಚನೆಗಳನ್ನು ಒಟ್ಟಿಗೆ ತೆಗೆಯತೊಡಗಿದರು. 2018ರಲ್ಲಿ ನಮ್ಮ ಹವಾಮಾನ ಇಲಾಖೆ ಹೀಗೆ 21 ಲೆಕ್ಕಗಳನ್ನು ಜೊತೆಯಾಗಿ ನಡೆಸುವ ವ್ಯವಸ್ಥೆ ತಂದಿತು. 21ರಲ್ಲಿ 19 ಲೆಕ್ಕ ಕೊಡಗಿನಲ್ಲಿ ಭಾರೀ ಮಳೆ ಎಂದರೆ ಗಟ್ಟಿಯಾಗಿ ಎಚ್ಚರಿಸಬಹುದು. 11 ಹೌದು, 10 ಇಲ್ಲ ಎಂದರೆ ವಾತಾವರಣವೇ ಕವಲುದಾರಿಯಲ್ಲಿದೆ ಎಂದು ತಿಳಿಯಬೇಕು. ಆ ಅನಿಶ್ಚಯವನ್ನೂ ಅಳೆದು ಹೇಳುವುದೇ ಈ ಗಣಿತದ ದೊಡ್ಡ ಸಾಧನೆ.

ಶೇಕಡ 60ನ್ನು ಓದುವ ಬಗೆ

‘ಸಾರ್, ಮಳೆ ಹುಯ್ತದೋ ಇಲ್ವೋ, ಅದ ಹೇಳಿ ಸಾಕು’ ಎಂಬುದು ಹೊಲದಲ್ಲಿ ನಿಂತವರ ನ್ಯಾಯವಾದ ಪ್ರಶ್ನೆ. ಶೇಕಡ 60 ಎಂಬ ಉತ್ತರ ಅವರಿಗೆ ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ನಿಜವಾಗಿ ಅದು ‘ಹೌದು’ ಅಥವಾ ‘ಇಲ್ಲ’ಕ್ಕಿಂತ ಹೆಚ್ಚು ಉಪಯೋಗದ ಉತ್ತರ.

ಎಕರೆಗೆ ಔಷಧಿ ಸಿಂಪಡಿಸಲು ಕೂಲಿ ಸೇರಿ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಿಂಪಡಿಸಿದ ಸಂಜೆಯೇ ಮಳೆ ಬಂದು ತೊಳೆದರೆ ಅಷ್ಟೂ ಹಾಳು. ಎರಡು ದಿನ ಮುಂದೂಡಿದರೆ ಹುಳುವಿನಿಂದ ಆಗುವ ನಷ್ಟ 500 ರೂಪಾಯಿ. ಎರಡು ಸಾವಿರದಲ್ಲಿ ಐನೂರು ಎಂದರೆ ಶೇಕಡ 25. ಮಳೆಯ ಸಂಭವ ಶೇಕಡ 25ಕ್ಕಿಂತ ಹೆಚ್ಚಿದ್ದರೆ ಮುಂದೂಡುವುದು ಲಾಭ, ಕಡಿಮೆಯಿದ್ದರೆ ಸಿಂಪಡಿಸುವುದು ಲಾಭ. ಒಂದು ಸಲ ತಪ್ಪಬಹುದು; ಹತ್ತು ವರ್ಷದ ಲೆಕ್ಕದಲ್ಲಿ ಈ ನಿಯಮ ಪಾಲಿಸಿದವರ ಕೈಯಲ್ಲೇ ಹೆಚ್ಚು ಹಣ ಉಳಿಯುತ್ತದೆ. ಮನೆಯಂಗಳದಲ್ಲಿ ಹಪ್ಪಳ ಒಣಗಿಸುವವರಿಗೂ ದಸರಾ ಮೈದಾನದಲ್ಲಿ ಶಾಮಿಯಾನ ಹಾಕುವವರಿಗೂ ನಿಯಮ ಇದೇ, ಗಡಿ ಮಾತ್ರ ಬೇರೆ. ಮಳೆಗೆ ಸಿಕ್ಕರೆ ಯಾರ ನಷ್ಟ ದೊಡ್ಡದೋ ಅವರು ಕಡಿಮೆ ಶೇಕಡಕ್ಕೂ ಎಚ್ಚೆತ್ತುಕೊಳ್ಳಬೇಕು.

ಶೇಕಡ ಹೇಳಿದವರನ್ನು ಪರೀಕ್ಷಿಸುವುದಕ್ಕೂ ದಾರಿಯಿದೆ. ‘ಶೇಕಡ 60’ ಎಂದ ನೂರು ದಿನಗಳನ್ನು ಗುರುತು ಹಾಕಿ. ಅವುಗಳಲ್ಲಿ ಸುಮಾರು 60 ದಿನ ಮಳೆ ಬಂದಿದ್ದರೆ ಮುನ್ಸೂಚನೆ ಪ್ರಾಮಾಣಿಕ. ಮೂವತ್ತೇ ದಿನ ಬಂದಿದ್ದರೆ ತಪ್ಪು. ತೊಂಬತ್ತು ದಿನ ಬಂದಿದ್ದರೂ ಅಷ್ಟೇ ತಪ್ಪು. ಅಮೆರಿಕದ ಗ್ಲೆನ್ ಬ್ರಯರ್ 1950ರಲ್ಲೇ ಇಂಥ ಪರೀಕ್ಷೆಗೆ ಅಂಕ ಕೊಡುವ ಸೂತ್ರ ರೂಪಿಸಿದರು.

ದಸರೆಯಲ್ಲಿ ಜಂಬೂಸವಾರಿಯ ದಿನ ಮಳೆ ಬರುತ್ತದೆಯೇ ಎಂದು ಎರಡು ತಿಂಗಳ ಮೊದಲು ಕೇಳಿದರೆ ಯಾವ ಸೂಪರ್‌ಕಂಪ್ಯೂಟರೂ ಹೇಳದು. ಅಲ್ಲಿ ನೆರವಿಗೆ ಬರುವುದು ಹಳೆಯ ದಾಖಲೆ. ಅಕ್ಟೋಬರ್‌ನಲ್ಲಿ ಸರಾಸರಿ ಒಂಬತ್ತು ಮಳೆ ದಿನ ಎಂದುಕೊಂಡರೆ, ಯಾವುದೇ ಒಂದು ದಿನಕ್ಕೆ ಸಂಭವ ಶೇಕಡ 29. ಮಳೆ ದಿನಗಳು ಚದುರಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಹಿಂದಿನ ದಿನ ಮಳೆಯಾಗಿದ್ದರೆ ಸಂಭವ ಏರುತ್ತದೆ, ಒಣಗಿದ್ದರೆ ಇಳಿಯುತ್ತದೆ. ಎರಡು ತಿಂಗಳ ಮೊದಲು ಸರಾಸರಿ, ಹತ್ತು ದಿನ ಮೊದಲು ಒಟ್ಟಿಗೆ ತೆಗೆದ ಹಲವು ಮುನ್ಸೂಚನೆಗಳ ಒಲವು, ಎರಡು ದಿನ ಮೊದಲು ಮಾದರಿಯ ಮಳೆ, ಎರಡು ಗಂಟೆ ಮೊದಲು ರಾಡಾರ್ ಮತ್ತು ಉಪಗ್ರಹ ಚಿತ್ರ. ಸಮಯ ಹತ್ತಿರವಾದಂತೆ ಸಾಧನವೂ ಬದಲಾಗಬೇಕು.

ಮುಂಗಾರಿನ ಹಿಂದೆ ಬಿದ್ದವರು

ಹದಿನೈದು ದಿನದ ಗಡಿಯಿದ್ದರೆ, ಏಪ್ರಿಲ್‌ನಲ್ಲೇ ಇಡೀ ಮುಂಗಾರಿನ ಮುನ್ಸೂಚನೆ ಕೊಡುವುದು ಹೇಗೆ? ಇದಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಕೇಂಬ್ರಿಜ್‌ನ ಗಣಿತಜ್ಞ ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು, ಜಗತ್ತಿನ ಮೂಲೆಮೂಲೆಯ ಒತ್ತಡ, ಉಷ್ಣಾಂಶ, ಮಳೆಯ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿಸಿದರು. ಕಂಪ್ಯೂಟರ್ ಇಲ್ಲದ ಕಾಲ. ಕೈಲೆಕ್ಕದ ಗುಮಾಸ್ತರೇ ಸಹಸಂಬಂಧದ ಸಂಖ್ಯೆಗಳನ್ನು ಹೊರತೆಗೆದರು. ಶಾಂತಸಾಗರದಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ ಎಂಬ ಮಹತ್ವದ ಸಂಗತಿ ಸಿಕ್ಕಿದ್ದು ಹೀಗೆ. ಇಂದು ಎಲ್ ನಿನೊ ಎಂದಾಗ ನಮ್ಮ ರೈತರ ಎದೆ ನಡುಗುವ ಕಾರಣಕ್ಕೆ ಗಣಿತದ ಮೊದಲ ಸಾಕ್ಷ್ಯ ಅದು.

1981ರಲ್ಲಿ ಚಾರ್ನಿ ಮತ್ತು ಭಾರತದ ಜಗದೀಶ್ ಶುಕ್ಲಾ ಇದರ ತಿರುಳನ್ನು ಬಿಡಿಸಿಟ್ಟರು. ದಿನದ ಮಳೆ ಕೈತಪ್ಪಿದರೂ, ಉಷ್ಣವಲಯದ ಋತುವಿನ ಸರಾಸರಿಯನ್ನು ಸಮುದ್ರದ ಮೇಲ್ಮೈಯ ಉಷ್ಣಾಂಶದಂಥ ನಿಧಾನಗತಿಯ ಸಂಗತಿಗಳು ಹಿಡಿದಿಡುತ್ತವೆ. ಸಮುದ್ರ ನಿಧಾನವಾಗಿ ಬದಲಾಗುವುದರಿಂದ ಋತುವಿನ ಬಗ್ಗೆ ಸ್ವಲ್ಪ ಮೊದಲೇ ಮಾತಾಡಲು ಸಾಧ್ಯ.

ಕರ್ನಾಟಕದ ನೆಲದಲ್ಲಿ ಈ ಕೆಲಸವನ್ನು ಎತ್ತರಕ್ಕೆ ಒಯ್ದವರು ಸುಲೋಚನಾ ಗಾಡ್ಗೀಳ್. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನಕ್ಕೆ ಬಾಳು ಮುಡಿಪಿಟ್ಟರು. 1980ರಲ್ಲಿ ಡಿ.ಆರ್. ಸಿಕ್ಕಾ ಅವರೊಂದಿಗೆ ಉಪಗ್ರಹ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿ, ಮುಂಗಾರಿನ ಮೋಡಪಟ್ಟಿ ಸಮಭಾಜಕದ ಕಡಲಿನಿಂದ ಉತ್ತರಕ್ಕೆ ಮತ್ತೆ ಮತ್ತೆ ಸರಿದು ಬರುವುದನ್ನು ತೋರಿಸಿದರು. ಮಳೆ ನಡುವೆ ಬಿಡುವು ಕೊಟ್ಟು ಮತ್ತೆ ಮರಳುವುದಕ್ಕೆ ಇದು ಹೊಸ ವಿವರಣೆಯಾಯಿತು. ಅಷ್ಟಕ್ಕೇ ನಿಲ್ಲದೆ ಪಾವಗಡ, ಅನಂತಪುರ ಕಡೆಯ ಕಡಲೆಕಾಯಿ ಬೆಳೆಗಾರರೊಂದಿಗೆ ಕೂತು, ಹಳೆಯ ಮಳೆ ದಾಖಲೆ ಮತ್ತು ಬೆಳೆಯ ಮಾದರಿಗಳನ್ನು ಸೇರಿಸಿ, ಯಾವ ಅವಧಿಯಲ್ಲಿ ಬಿತ್ತಿದರೆ ನಷ್ಟದ ಸಂಭವ ಕಡಿಮೆ ಎಂಬುದನ್ನು ಲೆಕ್ಕ ಹಾಕಿದರು. ವಿಜ್ಞಾನಿ ಏನು ಹೇಳಬಲ್ಲರು ಎಂಬುದಕ್ಕಿಂತ ರೈತರಿಗೆ ಏನು ತಿಳಿಯಬೇಕಿದೆ ಎಂಬುದರಿಂದ ಪ್ರಶ್ನೆ ಹುಟ್ಟಬೇಕು ಎಂಬುದನ್ನು ಅವರ ಆ ಕೆಲಸ ಮಾಡಿ ತೋರಿಸಿತು. 2025ರ ಜುಲೈನಲ್ಲಿ ಅವರು ನಮ್ಮನ್ನು ಅಗಲಿದರು.

ಸರಾಸರಿಯೇ ಜಾರುವಾಗ

ಹವಾಮಾನಕ್ಕೂ ವಾಯುಗುಣಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ನಾಳೆ ಮಳೆಯೇ ಎಂಬುದು ಆರಂಭದ ಸ್ಥಿತಿಯ ಪ್ರಶ್ನೆ. ಮೂವತ್ತು ವರ್ಷದ ಸರಾಸರಿ ಎತ್ತ ಸಾಗುತ್ತಿದೆ ಎಂಬುದು ಭೂಮಿಗೆ ಬರುವ ಮತ್ತು ಭೂಮಿಯಿಂದ ಹೋಗುವ ಶಾಖದ ಜಮಾ–ಖರ್ಚಿನ ಪ್ರಶ್ನೆ. ಹದಿನೈದು ದಿನದಾಚೆಯ ಮಳೆ ಹೇಳಲಾಗದವರು 2050ರ ಬಗ್ಗೆ ಹೇಗೆ ಹೇಳುತ್ತಾರೆ ಎಂಬ ಸಂದೇಹಕ್ಕೆ ಉತ್ತರ ಇದು. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಸುಮಾರು 2.3 ಡಿಗ್ರಿ ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದರು. 2021ರಲ್ಲಿ ಮನಾಬೆ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ವಾಯುಗುಣ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ಆರನೇ ವರದಿಗೆ ಆಧಾರವಾದ ಜಾಗತಿಕ ಮಾದರಿಗಳ ಗುಂಪಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿಯೂ ಇತ್ತು.

ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಎರಡು ಡಿಗ್ರಿಗೆ 1.07ನ್ನು 1.07ರಿಂದ ಗುಣಿಸಿದರೆ ಶೇಕಡ 14ಕ್ಕೂ ಮಿಕ್ಕು. ವರ್ಷದ ಒಟ್ಟು ಮಳೆ ಹೆಚ್ಚು ಬದಲಾಗದಿದ್ದರೂ, ಬಂದಾಗ ಒಮ್ಮೆಲೇ ಸುರಿಯುವ ಮಳೆ ಜೋರಾಗುತ್ತದೆ. ಮಧ್ಯಭಾರತದಲ್ಲಿ ಅತಿ ಭಾರೀ ಮಳೆಯ ಪ್ರಕರಣಗಳು ಏರುತ್ತಿರುವುದನ್ನು ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲೇ ತೋರಿಸಿದ್ದರು.

2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಮುಳುಗಿದವು, ಊಟಿ ರಸ್ತೆ ಬಂದ್ ಆಯಿತು. ಇಂಥ ಹೊತ್ತಿನಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತು ಕೇಳಿಬರುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಸಂಭವ ಶೇಕಡ 1 ಎಂದಷ್ಟೇ. ಹಾಗಿದ್ದರೆ 30 ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವ ಎಷ್ಟು? 0.99ನ್ನು ಮೂವತ್ತು ಬಾರಿ ಗುಣಿಸಿ 1ರಿಂದ ಕಳೆದರೆ ಶೇಕಡ 26. ನಾಲ್ಕರಲ್ಲಿ ಒಂದು. ನದಿ ದಡದಲ್ಲಿ ನಿವೇಶನ ಕೊಳ್ಳುವವರಿಗೆ ಈ ಸಂಖ್ಯೆ ಕ್ರಯಪತ್ರದಷ್ಟೇ ಮುಖ್ಯ. ಸರಾಸರಿಯೇ ಜಾರುತ್ತಿರುವಾಗ ಹಳೆಯ ದಾಖಲೆ ಕೊಟ್ಟ ಶೇಕಡ 1 ಇಂದಿಗೂ ಶೇಕಡ 1ರಲ್ಲೇ ಇದೆ ಎಂದು ನಂಬುವಂತಿಲ್ಲ.

ಕಾವೇರಿ ವಿವಾದದ ತಳದಲ್ಲೂ ಒಂದು ಶೇಕಡ ಇದೆ. ನದಿಯಲ್ಲಿ 740 ಟಿಎಂಸಿ ನೀರಿದೆ ಎಂದು ನ್ಯಾಯಮಂಡಳಿ ಎಣಿಸಿದ್ದು ‘ಶೇಕಡ 50ರ ವಿಶ್ವಾಸಾರ್ಹತೆ’ಯ ಮೇಲೆ. ನೂರು ವರ್ಷದಲ್ಲಿ ಐವತ್ತು ವರ್ಷ ಅದಕ್ಕಿಂತ ಹೆಚ್ಚು, ಐವತ್ತು ವರ್ಷ ಅದಕ್ಕಿಂತ ಕಡಿಮೆ. ಹಂಚಿಕೆಯನ್ನು ಕಟ್ಟಿದ ಅಂಕಿಗೇ ಅರ್ಧದಷ್ಟು ವರ್ಷಗಳಲ್ಲಿ ನೀರು ಮುಟ್ಟುವುದಿಲ್ಲ ಎಂಬುದು ಆ ಲೆಕ್ಕದೊಳಗೇ ಇದೆ. ಸಂಕಷ್ಟದ ವರ್ಷವನ್ನು ಅಪರೂಪದ ಅಪಘಾತ ಎಂದು ಭಾವಿಸುವ ಬದಲು, ಬಂದೇ ಬರುವ ವರ್ಷವೆಂದು ಮೊದಲೇ ಯೋಜಿಸಿಕೊಳ್ಳುವುದು ನಮಗೂ ಕೆಳಗಿನವರಿಗೂ ಕ್ಷೇಮ.

ಮೈಸೂರು ಮಾಡಬಹುದಾದದ್ದು

ನಮ್ಮ ಕೈಯಲ್ಲಿ ಇರುವುದು ಕಡಿಮೆಯೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವು ಕಾಲುಗಂಟೆಗೊಮ್ಮೆ ಅಂಕಿ ಕಳಿಸುತ್ತವೆ. ನಾಗನಹಳ್ಳಿಯ ಕೃಷಿ ಹವಾಮಾನ ಘಟಕ ವಾರಕ್ಕೆರಡು ಸಲ, ಮುಂದಿನ ಐದು ದಿನಗಳ ಮಳೆ, ಗಾಳಿ, ಉಷ್ಣಾಂಶವನ್ನೂ ಅದಕ್ಕೆ ತಕ್ಕ ಬೇಸಾಯದ ಸಲಹೆಯನ್ನೂ ಕನ್ನಡದಲ್ಲಿ ಕೊಡುತ್ತದೆ.

ಇದಕ್ಕೆ ಮೂರು ಸಂಗತಿ ಸೇರಬೇಕು. ಮೊದಲನೆಯದು, ಕನ್ನಡದ ಹವಾಮಾನ ವರದಿಗಳಲ್ಲಿ ‘ಮಳೆಯಾಗುವ ಸಾಧ್ಯತೆ’ ಎಂಬ ಮಸುಕು ಮಾತಿನ ಜೊತೆ ಶೇಕಡದ ಅಂಕಿ ಕಡ್ಡಾಯವಾಗಿ ಬರಲಿ. ಎರಡನೆಯದು, ಮಾನಸಗಂಗೋತ್ರಿಯ ಮತ್ತು ನಗರದ ಕಾಲೇಜುಗಳ ಗಣಿತ, ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳು ಮೈಸೂರಿನ ಪ್ರತಿ ಮುನ್ಸೂಚನೆಯನ್ನೂ ಮರುದಿನದ ಅಳತೆಯೊಂದಿಗೆ ಹೋಲಿಸಿ, ವರ್ಷಕ್ಕೊಮ್ಮೆ ಅಂಕಪಟ್ಟಿ ಪ್ರಕಟಿಸಲಿ. ಯಾವ ಆ್ಯಪ್ ನಂಬಬೇಕು, ಎಷ್ಟು ದಿನದವರೆಗೆ ನಂಬಬೇಕು ಎಂಬುದು ಆಗ ಊರಿಗೆ ತಿಳಿಯುತ್ತದೆ. ಮೂರನೆಯದು, ಪ್ರತಿ ಪ್ರೌಢಶಾಲೆಯ ಅಂಗಳದಲ್ಲೂ ಒಂದು ಮಳೆಮಾಪಕ ಇರಲಿ. ಆರು ಕಿಲೊಮೀಟರಿನ ಚೌಕಕ್ಕೂ ಕಾಣದ ಬಡಾವಣೆಯ ಮಳೆಯನ್ನು ಹತ್ತನೇ ತರಗತಿಯ ಮಕ್ಕಳು ಬರೆದಿಡಲಿ. ಸಂಭವನೀಯತೆಯ ಪಾಠಕ್ಕೆ ದಾಳ, ನಾಣ್ಯಗಳಿಗಿಂತ ಅದು ಒಳ್ಳೆಯ ಸಾಮಗ್ರಿ.

ಕೃತಕ ಬುದ್ಧಿಮತ್ತೆಯ ಹೊಸ ಮಾದರಿಗಳು ಸಮೀಕರಣ ಬಿಡಿಸದೆ ಹಳೆಯ ಹವಾಮಾನದಿಂದಲೇ ಕಲಿತು, ನಿಮಿಷಗಳಲ್ಲಿ ಹತ್ತು ದಿನದ ಮುನ್ಸೂಚನೆ ಕೊಡತೊಡಗಿವೆ. ಅವು ಕಲಿಯುವುದೂ ವರ್ಷಗಟ್ಟಲೆ ಅಳೆದು ಬರೆದಿಟ್ಟ ಅಂಕಿಗಳಿಂದಲೇ. ಯಂತ್ರ ಎಷ್ಟೇ ಬೆಳೆದರೂ ಈ ಗಣಿತದ ಮೂಲಧನ ಎರಡೇ: ತಪ್ಪದೆ ಅಳೆಯುವ ಜನ, ಮತ್ತು ಅಳತೆಯಿಂದ ಬಂದ ಶೇಕಡವನ್ನು ಅರಿತು ನಿರ್ಧಾರ ಮಾಡುವ ಜನ. ಬರಕ್ಕೆ ಲಕ್ಷಾಂತರ ಜೀವ ತೆತ್ತ ಸಂಸ್ಥಾನ ಮೊದಲನೆಯವರನ್ನು ಶತಮಾನಕ್ಕೂ ಹಿಂದೆಯೇ ತಯಾರು ಮಾಡಿತು. ಎರಡನೆಯವರನ್ನು ತಯಾರು ಮಾಡುವುದು ನಮ್ಮ ತಲೆಮಾರಿನ ಕೆಲಸ. ಅದನ್ನು ಶಾಲೆಗಳಿಂದಲೇ, ಈ ಮುಂಗಾರಿನಿಂದಲೇ ಶುರುಮಾಡಬಹುದು.